ಪೈಥಾನ್‌ನಲ್ಲಿ ಕನ್ನಡ ಸ್ಟ್ರಿಂಗ್: ಹುಡುಕಿದರೆ ಸಿಗದು, ವಿಂಗಡಿಸಿದರೆ ಕ್ರಮ ತಪ್ಪುತ್ತದೆ, ಇಸವಿ ಸಂಖ್ಯೆಯಾಗದು

ಪುಸ್ತಕಪಟ್ಟಿ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ವಾಚನಾಲಯದ ಪುಸ್ತಕಗಳ ಪಟ್ಟಿಯನ್ನು ಒಂದೇ ಕಡತಕ್ಕೆ ತರುವ ಕೆಲಸ ಹಿಡಿದಿದ್ದೇನೆ. ಇಷ್ಟು ವರ್ಷಗಳಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಕೀಲಿಮಣೆಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿ ಅದು. ಈಗ ಬಹುಪಾಲು ಯೂನಿಕೋಡ್‌ನಲ್ಲಿದೆ, ಸಿಎಸ್‌ವಿ ಕಡತವಾಗಿ ಉಳಿಸಿಕೊಂಡಿದ್ದೇನೆ. ಪೈಥಾನ್ 3ರಲ್ಲಿ ಅದನ್ನು ಓದಿ ಒಪ್ಪ ಮಾಡಲು ಹೊರಟರೆ ಸಾಲು ಸಾಲು ತೊಡಕು.

‘ಬೆಂಗಳೂರು’ ಎಂದು ಹುಡುಕಿದರೆ ಕಣ್ಣಿಗೆ ಕಾಣುತ್ತಿರುವ ಅರ್ಧ ಸಾಲುಗಳು ಸಿಗುವುದೇ ಇಲ್ಲ. ಪ್ರಕಟಣೆಯ ಇಸವಿಯನ್ನು ಇಂಟ್ ಫಂಕ್ಷನ್‌ಗೆ ಕೊಟ್ಟರೆ ಕೆಲವು ಸರಿಯಾಗಿ ಸಂಖ್ಯೆಯಾಗುತ್ತವೆ, ಕೆಲವಕ್ಕೆ ದೋಷ ಬರುತ್ತದೆ. ಶೀರ್ಷಿಕೆಯನ್ನು ಪದಗಳಾಗಿ ಬಿಡಿಸಿದರೆ ‘ಕನ್ನಡ’ ಎಂಬ ಪದ ‘ಕನ’ ಮತ್ತು ‘ನಡ’ ಎಂದು ಎರಡು ತುಂಡಾಗಿ ಬರುತ್ತದೆ. ಅಕಾರಾದಿಯಾಗಿ ಜೋಡಿಸಿದರೆ ‘ಬಳೆ’ ಮೊದಲು, ‘ಬಸವ’ ಆಮೇಲೆ. ನಿಘಂಟಿನಲ್ಲಿ ಹೀಗಿಲ್ಲವಲ್ಲ?

ಪಠ್ಯಪುಸ್ತಕಗಳ ಉದಾಹರಣೆಗಳೆಲ್ಲ ಇಂಗ್ಲಿಷ್ ಪದಗಳ ಮೇಲೆ ಇರುವುದರಿಂದ ಇದಕ್ಕೆ ಉತ್ತರ ಎಲ್ಲಿ ಹುಡುಕಬೇಕೋ ತಿಳಿಯಲಿಲ್ಲ. ಬಲ್ಲವರು ದಾರಿ ತೋರಿಸಬೇಕು.

ಸಾಲುಮರ ಉತ್ತರಿಸಿದ್ದಾರೆ:

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಮೊದಲು ಒಂದು ಅಭ್ಯಾಸ ಮಾಡಿಕೊಳ್ಳಿ: ಕನ್ನಡ ಪಠ್ಯದಲ್ಲಿ ಏನಾದರೂ ಎಡವಟ್ಟಾದರೆ ತೆರೆಯ ಮೇಲಿನ ರೂಪವನ್ನು ನಂಬಬೇಡಿ. ಪ್ರತಿ ಸಂಕೇತವನ್ನೂ ಆರ್ಡ್ ಫಂಕ್ಷನ್‌ಗೆ ಕೊಟ್ಟು ಅದರ ಸಂಖ್ಯೆಯನ್ನು ಮುದ್ರಿಸಿ ನೋಡಿ. ಎಲ್ಲ ಲಿಪಿಗಳ ಸಂಕೇತಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 3200ರಿಂದ 3327ರವರೆಗೆ. ‘ಬೆಂಗಳೂರು’ ಸರಿಯಾಗಿದ್ದರೆ ಹೀಗೆ ಬರಬೇಕು:

3244, 3270, 3202, 3223, 3251, 3266, 3248, 3265

ನಿಮಗೆ ಸಿಗದ ಸಾಲುಗಳಲ್ಲಿ ಮೂರನೆಯ ಸಂಖ್ಯೆ 3202 ಆಗಿರದೆ 3302 ಆಗಿದೆ ಎಂದು ನನ್ನ ಊಹೆ. 3202 ಅನುಸ್ವಾರ, 3302 ಕನ್ನಡದ ಸೊನ್ನೆ. ಹೆಚ್ಚಿನ ಅಕ್ಷರವಿನ್ಯಾಸಗಳಲ್ಲಿ ಎರಡೂ ಒಂದೇ ಗಾತ್ರದ ದುಂಡು ಸೊನ್ನೆಗಳು, ಬೆರಳಚ್ಚು ಮಾಡುವವರಿಗೆ ಗೊತ್ತೇ ಆಗುವುದಿಲ್ಲ. ಅಂತರ್ಜಾಲದ ತುಂಬ ‘ಬೆ೦ಗಳೂರು’ ಹೀಗೆ ಸೊನ್ನೆ ಹೊತ್ತುಕೊಂಡು ಕುಳಿತಿದೆ.

ನಿಮ್ಮ ಇಸವಿಯ ತೊಂದರೆಯೂ ಇದೇ ಕಾಯಿಲೆಯ ಮತ್ತೊಂದು ಮುಖ ಇರಬಹುದು. ಅಲ್ಲಿ ಸೊನ್ನೆ ಇರಬೇಕಾದಲ್ಲಿ ಅನುಸ್ವಾರ ಇರುತ್ತದೆ. ‘೧೯೮ಂ’ ಎಂಬುದನ್ನು ಒಮ್ಮೆ ಪರೀಕ್ಷಿಸಿ.

ಪುಸ್ತಕಪಟ್ಟಿ:

ಸಾಲುಮರ ಅವರೇ, ಎರಡೂ ಊಹೆ ನಿಜ! ಊರಿನ ಹೆಸರಿನಲ್ಲಿ 3302, ಇಸವಿಯಲ್ಲಿ 3202. ಹಾಗಾದರೆ ಎಲ್ಲ 3302ನ್ನೂ ರಿಪ್ಲೇಸ್ ಮಾಡಿ 3202 ಮಾಡಿಬಿಡಲೇ? ಇಸವಿಯ ಕಾಲಂ ಬೇರೆ ಇದೆ, ಅದನ್ನು ಬಿಟ್ಟು ಉಳಿದಲ್ಲೆಲ್ಲ?

ಸಾಲುಮರ:

ಹಾಗೆ ಒಟ್ಟಾರೆ ಬದಲಿಸಬೇಡಿ. ಶೀರ್ಷಿಕೆಯಲ್ಲೇ ‘ಸಂಪುಟ ೧೦’ ಎಂದಿದ್ದರೆ ಅದು ‘ಸಂಪುಟ ೧ಂ’ ಆಗಿಬಿಡುತ್ತದೆ. ಅಕ್ಕಪಕ್ಕ ಏನಿದೆ ಎಂದು ನೋಡಿಯೇ ಬದಲಿಸಬೇಕು. ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಹುಡುಕಬೇಕಾದ ಪಠ್ಯದ ಮಾದರಿಯನ್ನು ಹೇಳುವ ಬರಹ) ಹೀಗೆ:

`(?<=[ಅ-ೌ])೦(?![೦-೯])`

ಎಡಗಡೆ ಕನ್ನಡದ ಅಕ್ಷರವೋ ಸ್ವರಚಿಹ್ನೆಯೋ ಇರಬೇಕು, ಬಲಗಡೆ ಅಂಕಿ ಇರಬಾರದು. ಆಗ ಮಾತ್ರ ಆ ಸೊನ್ನೆ ಅನುಸ್ವಾರವಾಗುತ್ತದೆ. ಬಲಗಡೆಯ ನಿಬಂಧನೆಯನ್ನು ಕೈಬಿಡಬೇಡಿ; ಜಾಗ ಬಿಡದೆ ‘ಸಂಪುಟ೦೫’ ಎಂದು ಹೊಡೆದಿರುವ ಸಾಲುಗಳು ಇಂಥ ಪಟ್ಟಿಗಳಲ್ಲಿ ಇದ್ದೇ ಇರುತ್ತವೆ.

ಇಸವಿ ಮತ್ತು ಬೆಲೆಯ ಕಾಲಂಗಳಲ್ಲಿ ಅಂಕಿಯ ಪಕ್ಕದಲ್ಲಿರುವ ಅನುಸ್ವಾರವನ್ನು ಸೊನ್ನೆ ಮಾಡಿ, ಆಮೇಲೆ ಇಂಟ್‌ಗೆ ಕೊಡಿ. ಪೈಥಾನ್ ಇಲ್ಲಿ ಉದಾರಿ. ‘೧೯೮೦’ ಕೊಟ್ಟರೆ ನೇರವಾಗಿ 1980 ಸಿಗುತ್ತದೆ, ‘೩.೫’ನ್ನು ಫ್ಲೋಟ್‌ಗೆ ಕೊಟ್ಟರೆ 3.5. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಂಕಿಗಳ ‘೧೯80’ ಕೂಡ ನಡೆಯುತ್ತದೆ. ಅಲ್ಪವಿರಾಮ ಇದ್ದರೆ ಮಾತ್ರ ದೋಷ ಬರುತ್ತದೆ, ‘೧,೨೫೦’ ಎಂಬುದರಿಂದ ಅದನ್ನು ಮೊದಲು ತೆಗೆಯಿರಿ.

ಜಾಲಹೆಣೆಯುವವ:

ಒಂದು ಎಚ್ಚರಿಕೆ ಸೇರಿಸುತ್ತೇನೆ. ಈ ಉದಾರತೆ ಪೈಥಾನ್‌ನದು, ಎಲ್ಲ ಭಾಷೆಗಳಲ್ಲೂ ಇದನ್ನು ನಿರೀಕ್ಷಿಸಬೇಡಿ. ಜಾವಾಸ್ಕ್ರಿಪ್ಟ್‌ನ ನಂಬರ್ ಫಂಕ್ಷನ್‌ಗೆ ‘೧೨೩’ ಕೊಟ್ಟರೆ ಅದು ಸಂಖ್ಯೆಯೇ ಅಲ್ಲ ಎಂದು ಹೇಳುತ್ತದೆ. ಪಿಎಚ್‌ಪಿಯಲ್ಲಿ ಇಂಟ್ ಆಗಿ ಬದಲಿಸಿದರೆ ಸದ್ದಿಲ್ಲದೆ 0 ಕೊಡುತ್ತದೆ, ಇದು ಇನ್ನೂ ಅಪಾಯಕಾರಿ. ಪುಸ್ತಕದ ಬೆಲೆಯೆಲ್ಲ ಸೊನ್ನೆಯಾಗಿ ದತ್ತಾಂಶದಲ್ಲಿ ಕುಳಿತರೂ ಯಾವ ಎಚ್ಚರಿಕೆಯೂ ಬರುವುದಿಲ್ಲ. ನಾಳೆ ಈ ಪಟ್ಟಿಯನ್ನು ಜಾಲತಾಣಕ್ಕೆ ಹಾಕುವ ಯೋಚನೆ ಇದ್ದರೆ ಕಡತದಲ್ಲಿ ಸಂಖ್ಯೆಗಳನ್ನು ಸಾಮಾನ್ಯ ಅಂಕಿಗಳಲ್ಲೇ ಇಟ್ಟುಕೊಳ್ಳಿ, ತೋರಿಸುವಾಗ ಮಾತ್ರ ಕನ್ನಡಕ್ಕೆ ತಿರುಗಿಸಿ.

ತಿರುಗಿಸುವುದಕ್ಕೆ ಮೇಕ್‌ಟ್ರಾನ್ಸ್ ಮತ್ತು ಟ್ರಾನ್ಸ್‌ಲೇಟ್ ಜೋಡಿ ಸಾಕು. ಮೊದಲನೆಯ ಸ್ಟ್ರಿಂಗ್ ‘0123456789’, ಎರಡನೆಯದು ‘೦೧೨೩೪೫೬೭೮೯’. ಒಂದೇ ಸುತ್ತಿನಲ್ಲಿ ಎಲ್ಲ ಅಂಕಿಗಳೂ ಬದಲಾಗುತ್ತವೆ, ಹತ್ತು ರಿಪ್ಲೇಸ್‌ಗಳನ್ನು ಸರಪಳಿ ಕಟ್ಟುವ ಅಗತ್ಯವಿಲ್ಲ. ಪುಸ್ತಕಕ್ಕೆ ಕ್ರಮಸಂಖ್ಯೆ ಕೊಡುವಾಗ ಝಡ್‌ಫಿಲ್ ಬಳಸುವುದಾದರೆ ಅದನ್ನು ಮೊದಲೇ ಮಾಡಿ ಮುಗಿಸಿ. ‘೭’ಕ್ಕೆ ಝಡ್‌ಫಿಲ್ 3 ಎಂದರೆ ‘00೭’ ಎಂಬ ಮಿಶ್ರತಳಿ ಸಿಗುತ್ತದೆ, ಏಕೆಂದರೆ ಅದು ತುಂಬುವುದು ಯಾವಾಗಲೂ ಇಂಗ್ಲಿಷ್ ಸೊನ್ನೆಯನ್ನೇ.

ಅಕ್ಷರಶಃ:

‘ಕನ’, ‘ನಡ’ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ನೀವು ಪದ ಬಿಡಿಸಲು ಫೈಂಡ್‌ಆಲ್ ಜೊತೆ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು ಪ್ಲಸ್ ಬಳಸಿದ್ದೀರಿ ಅಲ್ಲವೇ? ಪೈಥಾನ್‌ನ ಮೂಲ ರೆಗ್ಯುಲರ್ ಎಕ್ಸ್‌ಪ್ರೆಶನ್ ಮಾಡ್ಯೂಲ್‌ನಲ್ಲಿ ಆ ಗುರುತಿನ ಅರ್ಥ ‘ವರ್ಣ, ಅಂಕಿ ಅಥವಾ ಅಡಿಗೆರೆ’. ಯೂನಿಕೋಡ್‌ನ ವರ್ಗೀಕರಣದಲ್ಲಿ ಕ, ನ, ಡ ಇವು ವರ್ಣಗಳು. ಆದರೆ ಕಾಗುಣಿತದ ಚಿಹ್ನೆಗಳು, ವಿರಾಮ ಚಿಹ್ನೆ ‘್’, ಅನುಸ್ವಾರ, ವಿಸರ್ಗ ಇವೆಲ್ಲ ಬೇರೆ ವರ್ಗ, ಜೊತೆಗೂಡುವ ಗುರುತುಗಳು. ಹಾಗಾಗಿ ‘್’ ಬಂದ ಕಡೆ ಪದ ಮುಗಿಯಿತೆಂದು ಪೈಥಾನ್ ತಿಳಿಯುತ್ತದೆ. ‘ಮೈಸೂರು’ ಕೊಟ್ಟು ನೋಡಿ, ಮ, ಸ, ರ ಮೂರು ಪದ. ‘ಸ್ವಾತಂತ್ರ್ಯ’ ಆರು ಚೂರಾಗುತ್ತದೆ.

ಇಸ್‌ಆಲ್ಫಾ ಕೂಡ ಇದೇ ನಿಯಮದ್ದು. ‘ಮರ’ ಎಂದರೆ ಹೌದು ಎನ್ನುತ್ತದೆ, ‘ಮನೆ’ ಎಂದರೆ ಇಲ್ಲ ಎನ್ನುತ್ತದೆ. ನೋಂದಣಿ ನಮೂನೆಗಳಲ್ಲಿ ‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು’ ಎಂದು ಇಸ್‌ಆಲ್ಫಾದಿಂದ ತಪಾಸಣೆ ಮಾಡಿದರೆ ಕಮಲ ಒಳಗೆ ಬರುತ್ತಾಳೆ, ಕಮಲಾ ಬಾಗಿಲಲ್ಲೇ ನಿಲ್ಲುತ್ತಾಳೆ. ಇಂಥ ನಮೂನೆಗಳನ್ನು ಬರೆಯುವವರು ಒಂದು ಕನ್ನಡ ಹೆಸರನ್ನಾದರೂ ಹಾಕಿ ಪರೀಕ್ಷಿಸಬೇಕೆಂದು ನಾನು ಎಲ್ಲ ಕಡೆ ಹೇಳುತ್ತಲೇ ಬಂದಿದ್ದೇನೆ. ಇಂಗ್ಲಿಷ್ ಪದಗಳ ಮೇಲೆ ಮಾತ್ರ ಪರೀಕ್ಷಿಸಿದರೆ ಈ ದೋಷ ಎಂದಿಗೂ ಕಾಣುವುದಿಲ್ಲ.

ಪರಿಹಾರ ಎರಡು. ಕನ್ನಡ ಪದಗಳಷ್ಟೇ ಬೇಕಾದರೆ `[ಂ-ೞ]+` ಎಂದು ವ್ಯಾಪ್ತಿಯನ್ನೇ ಕೊಡಿ, ಜೊತೆಗೆ ಅದೇ ಆವರಣದೊಳಗೆ 8204 (ಅಕ್ಷರಗಳನ್ನು ಬೇರ್ಪಡಿಸುವುದು) ಮತ್ತು 8205 (ಕೂಡಿಸುವುದು) ಸಂಖ್ಯೆಯ ಅದೃಶ್ಯ ಸಂಕೇತಗಳನ್ನೂ ಸೇರಿಸಿ. ಅಂಕಿಗಳು ಈ ವ್ಯಾಪ್ತಿಯಿಂದ ಹೊರಗೇ ಉಳಿಯುತ್ತವೆ. ಇಲ್ಲವಾದರೆ ‘ರೆಜೆಕ್ಸ್’ ಎಂಬ ಪ್ರತ್ಯೇಕ ಪ್ಯಾಕೇಜ್ ಹಾಕಿಕೊಳ್ಳಿ, ಅದರಲ್ಲಿ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು ಈ ಚಿಹ್ನೆಗಳನ್ನೂ ಪದದ ಭಾಗವೆಂದು ಎಣಿಸುತ್ತದೆ.

ಕಡಲತಡಿ:

ಅದೃಶ್ಯ ಸಂಕೇತಗಳ ಮಾತು ಬಂತು, ನನ್ನ ಸಲಹೆ: ಅವುಗಳನ್ನು ಮೊದಲೇ ಅಳಿಸಿಬಿಡಿ. 8203, 8204, 8205, 65279 ಈ ನಾಲ್ಕನ್ನೂ ಟ್ರಾನ್ಸ್‌ಲೇಟ್‌ನಲ್ಲಿ ‘ನನ್’ಗೆ, ಅಂದರೆ ಏನೂ ಇಲ್ಲ ಎಂಬ ಮೌಲ್ಯಕ್ಕೆ, ಹೊಂದಿಸಿದರೆ ಮಾಯವಾಗುತ್ತವೆ. ಸ್ಟ್ರಿಪ್ ಇವುಗಳನ್ನು ಮುಟ್ಟುವುದಿಲ್ಲ. ಸ್ಟ್ರಿಪ್ ತೆಗೆಯುವುದು ಖಾಲಿ ಜಾಗವನ್ನು. ಯೂನಿಕೋಡ್ ಪ್ರಕಾರ ಇವು ಖಾಲಿ ಜಾಗವಲ್ಲ. ಎರಡು ಹೆಸರು ಕಣ್ಣಿಗೆ ಒಂದೇ ಇದ್ದು ಹೋಲಿಸಿದಾಗ ಬೇರೆ ಎಂದು ಬಂದರೆ ಹತ್ತರಲ್ಲಿ ಒಂಬತ್ತು ಸಲ ಇವೇ ಕಾರಣ.

ಅಕ್ಷರಶಃ:

ಕಡಲತಡಿ ಅವರೇ, ಇದನ್ನು ನಾನು ಒಪ್ಪುವುದಿಲ್ಲ. 8203 ಮತ್ತು 65279 ಹೋಗಲಿ, ಅವು ನಕಲು ಮಾಡುವಾಗ ಅಂಟಿಕೊಂಡು ಬಂದ ಕಸ. ಉಳಿದೆರಡು ಬರವಣಿಗೆಯ ಭಾಗ. ‘ಸಾಫ್ಟ್‌ವೇರ್’ ಪದದಲ್ಲಿ ಟ್ ಆದ ಮೇಲೆ 8204 ಇರುವುದರಿಂದಲೇ ವ ಅದರ ಕೆಳಗೆ ಒತ್ತಾಗಿ ಇಳಿಯದೆ ಪಕ್ಕದಲ್ಲಿ ನಿಂತಿದೆ. ಅಳಿಸಿದರೆ ‘ಸಾಫ್ಟ್ವೇರ್’ ಆಗುತ್ತದೆ, ಓದುವುದೇ ಕಷ್ಟ. ‘ರ‍್ಯಾಂಕ್’ ಎಂಬಲ್ಲಿ ರ ಆದ ಮೇಲೆ 8205 ಇದೆ. ಅದನ್ನು ತೆಗೆದರೆ ‘ರ್ಯಾಂಕ್’, ಅಂದರೆ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹೋಗುತ್ತದೆ. ಓದುಗರ ಕಣ್ಣಿಗೆ ಬೀಳುವ ಪಠ್ಯವನ್ನು ಹೀಗೆ ಕೆಡಿಸುವ ಹಕ್ಕು ನಮ್ಮ ಸ್ಕ್ರಿಪ್ಟ್‌ಗೆ ಇಲ್ಲ.

ಕಡಲತಡಿ:

ನೀವು ಹೇಳುವುದು ಸರಿ, ಆದರೆ ಹುಡುಕುವವರು ‘ರಾಜಕುಮಾರ್’, ‘ರಾಜ್‌ಕುಮಾರ್’, ‘ರಾಜ್ಕುಮಾರ್’ ಎಂದು ಮೂರು ಬಗೆಯಲ್ಲಿ ಹೊಡೆಯುತ್ತಾರೆ. ಮೊಬೈಲ್ ಕೀಲಿಮಣೆಯಲ್ಲಿ 8204 ಎಲ್ಲಿದೆ ಎಂಬುದೇ ಬಹಳ ಮಂದಿಗೆ ಗೊತ್ತಿಲ್ಲ. ಪಟ್ಟಿ ಇರುವುದು ಪುಸ್ತಕ ಹುಡುಕುವವರಿಗಾಗಿ. ಅವರಿಗೆ ಸಿಗಲಿಲ್ಲ ಎಂದರೆ ಶುದ್ಧ ಪಠ್ಯ ಇಟ್ಟುಕೊಂಡು ಏನು ಪ್ರಯೋಜನ?

ಸಾಲುಮರ:

ಇಬ್ಬರ ಮಾತನ್ನೂ ಉಳಿಸಿಕೊಳ್ಳಬಹುದು. ಪ್ರತಿ ಸಾಲಿಗೂ ಎರಡು ರೂಪ ಇರಲಿ: ತೋರಿಸುವ ರೂಪ, ಹುಡುಕುವ ಕೀಲಿ. ತೋರಿಸುವ ರೂಪದಲ್ಲಿ 8204, 8205 ಹಾಗೇ ಇರಲಿ. ಕೀಲಿಯಲ್ಲಿ ಅವನ್ನು ತೆಗೆಯಿರಿ. ಬಳಕೆದಾರರು ಹೊಡೆದ ಪದವನ್ನೂ ಅದೇ ಫಂಕ್ಷನ್ ಮೂಲಕ ಹಾಯಿಸಿ, ಆಮೇಲೆ ಹೋಲಿಸಿ. ‘ರಾಜ್’ ಮತ್ತು ‘ರಾಜ’ ಒಂದೇ ಎನ್ನಿಸುವುದು ಬೇರೆ ಪ್ರಶ್ನೆ, ಅದನ್ನು ಈ ಕೀಲಿಯೊಳಗೆ ತುರುಕಬೇಡಿ.

ಆ ಫಂಕ್ಷನ್‌ನ ಮೊದಲ ಸಾಲು ನಾರ್ಮಲೈಸ್ ಆಗಿರಬೇಕು. ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್ ಪೈಥಾನ್ ಜೊತೆಗೇ ಬರುತ್ತದೆ, ಅದರಲ್ಲಿ ‘ಎನ್‌ಎಫ್‌ಸಿ’ (ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸಿದ) ರೂಪ ಕೇಳಿ. ಏಕೆಂದರೆ ಕನ್ನಡದ ಐದು ಸ್ವರಚಿಹ್ನೆಗಳನ್ನು ಇಡಿಯಾಗಿಯೂ ಬರೆಯಬಹುದು, ಬಿಡಿಬಿಡಿಯಾಗಿಯೂ ಬರೆಯಬಹುದು: ೀ, ೇ, ೈ, ೊ, ೋ. ಉದಾಹರಣೆಗೆ ‘ೋ’ ಒಂದೇ ಸಂಕೇತವಾಗಿ 3275. ಬಿಡಿಸಿದರೆ 3270, 3266, 3285 ಎಂಬ ಮೂರು ಸಂಕೇತ. ‘ಕೋಟೆ’ ಪದಕ್ಕೆ ಲೆನ್ (ಸಂಕೇತಗಳನ್ನು ಎಣಿಸುವ ಫಂಕ್ಷನ್) ಕೇಳಿದರೆ ಒಂದು ರೂಪದಲ್ಲಿ 4, ಇನ್ನೊಂದರಲ್ಲಿ 6. ಮುದ್ರಣದಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲ. ಎನ್‌ಎಫ್‌ಸಿ ಮಾಡಿದ ಮೇಲೆ ಎರಡೂ ಒಂದೇ ಆಗುತ್ತವೆ. ಇದರಿಂದ ಪಠ್ಯಕ್ಕೆ ಯಾವ ಹಾನಿಯೂ ಇಲ್ಲ, ಹಾಗಾಗಿ ತೋರಿಸುವ ರೂಪಕ್ಕೂ ಧೈರ್ಯವಾಗಿ ಮಾಡಿ.

ಪುಸ್ತಕಪಟ್ಟಿ:

ಎರಡು ಕಾಲಂ ಮಾಡಿದೆ, ಹುಡುಕಾಟ ಈಗ ನಿಜಕ್ಕೂ ಹುಡುಕಾಟವಾಗಿದೆ. ಆದರೆ ‘ಮರ’ ಎಂದು ಹುಡುಕಿದರೆ ‘ಮರೆವು’, ‘ಮರುಭೂಮಿ’ ಎಲ್ಲವೂ ಬರುತ್ತವೆ. ‘ಮರಗಳು’ ಬರಲಿ, ಅದು ಬೇಕು. ‘ಮರೆ’ ಹೇಗೆ ಬರುತ್ತದೆ?

ಜಾಲಹೆಣೆಯುವವ:

‘ರೆ’ ಎಂದರೆ ಕಂಪ್ಯೂಟರ್‌ಗೆ ರ, ಅದರ ಹಿಂದೆಯೇ ಎತ್ವದ ಚಿಹ್ನೆ. ಹಾಗಾಗಿ ಮ, ರ ಎರಡೂ ‘ಮರೆ’ಯಲ್ಲಿ ಅನುಕ್ರಮವಾಗಿ ಇವೆ. ಹುಡುಕುವ ಪದದ ಕೊನೆಗೆ `(?![ಾ-್])` ಸೇರಿಸಿ: ಮುಂದೆ ಸ್ವರಚಿಹ್ನೆಯಾಗಲಿ ವಿರಾಮವಾಗಲಿ ಇರಬಾರದು ಎಂದರ್ಥ. ‘ಮರಗಳು’ ಉಳಿಯುತ್ತದೆ, ‘ಮರೆವು’ ಹೋಗುತ್ತದೆ. ‘ಮರಂ’ ಬೇಡವೆಂದರೆ ಆವರಣದೊಳಗೆ ಅನುಸ್ವಾರವನ್ನೂ ಹಾಕಿ. ಹಳೆಯ ಕಾವ್ಯಗಳ ಶೀರ್ಷಿಕೆಗಳು ಪಟ್ಟಿಯಲ್ಲಿದ್ದರೆ ಅದನ್ನು ಹಾಕದಿರುವುದೇ ಮೇಲು.

ಛಂದಸ್ಸು:

ಈ ಚರ್ಚೆಯನ್ನು ತುಂಬ ಆಸಕ್ತಿಯಿಂದ ಓದುತ್ತಿದ್ದೇನೆ. ಲೆನ್ ಬಗ್ಗೆ ಇನ್ನಷ್ಟು ಹೇಳಬೇಕು ಎನ್ನಿಸಿತು, ಏಕೆಂದರೆ ಕಂದಪದ್ಯ ಪರೀಕ್ಷಿಸುವ ಒಂದು ಸ್ಕ್ರಿಪ್ಟ್ ಬರೆಯುತ್ತಿದ್ದೇನೆ.

‘ಸ್ವಾತಂತ್ರ್ಯ’ ಪದಕ್ಕೆ ಲೆನ್ ಕೊಡುವುದು 11. ಯುಟಿಎಫ್-8ಗೆ ಎನ್‌ಕೋಡ್ ಮಾಡಿ ಎಣಿಸಿದರೆ 33 ಬೈಟ್. ನಮ್ಮ ಕಿವಿಗೆ ಕೇಳುವುದು ಸ್ವಾ, ತಂ, ತ್ರ್ಯ, ಮೂರೇ ಅಕ್ಷರ. ಮೂರು ಎಣಿಕೆಗೂ ಅದರದರ ಜಾಗವಿದೆ. ದತ್ತಾಂಶದ ಗಾತ್ರಕ್ಕೆ ಬೈಟ್ ಬೇಕು, ಎಸ್‌ಎಂಎಸ್ ಒಂದು ಕಂತಿಗೆ ಕನ್ನಡದಲ್ಲಿ 70 ಸಂಕೇತ ಎಂಬ ಮಿತಿಗೆ ಲೆನ್ ಬೇಕು. ಛಂದಸ್ಸಿಗೆ, ಪದಬಂಧಕ್ಕೆ, ಅಂತ್ಯಾಕ್ಷರಿಗೆ ಅಕ್ಷರವೇ ಬೇಕು, ಪೈಥಾನ್ ಅದನ್ನು ತಾನಾಗಿ ಕೊಡುವುದಿಲ್ಲ.

ಸ್ಟ್ರಿಂಗ್ ತಿರುಗಿಸುವುದು ಇದಕ್ಕೆ ಒಳ್ಳೆಯ ಪರೀಕ್ಷೆ. ‘ಕನ್ನಡ’ವನ್ನು ಸಂಕೇತಗಳ ಮಟ್ಟದಲ್ಲಿ ತಿರುಗಿಸಿದರೆ ‘ಡನ್ನಕ’ ಎಂದು ಸರಿಯಾಗಿಯೇ ಬರುತ್ತದೆ, ಏಕೆಂದರೆ ನ್ನ ಎಂಬ ಸಜಾತೀಯ ಒತ್ತಕ್ಷರ ಎರಡೂ ಕಡೆಯಿಂದ ಒಂದೇ. ಹಾಗೆಂದು ಇದೊಂದನ್ನೇ ಪರೀಕ್ಷಿಸಿ ನಿಶ್ಚಿಂತರಾಗಬಾರದು. ‘ಮೈಸೂರು’ ತಿರುಗಿಸಿದರೆ ‘ರುಸೂಮೈ’ ಬರಬೇಕಾದಲ್ಲಿ ಮೊದಲಿಗೆ ನೆಲೆಯಿಲ್ಲದ ಒಂದು ಉತ್ವ, ಆಮೇಲೆ ‘ರೂಸೈಮ’ ಬರುತ್ತದೆ. ಪ್ರತಿ ಸ್ವರಚಿಹ್ನೆಯೂ ಪಕ್ಕದ ವ್ಯಂಜನಕ್ಕೆ ಹೋಗಿ ಅಂಟಿಕೊಂಡಿದೆ.

ನಾನು ಬಳಸುವ ವ್ಯಾಖ್ಯೆ ಇದು. ಪೈಥಾನ್ 3ರಲ್ಲಿ ಚರಗಳ ಹೆಸರು ಕನ್ನಡದಲ್ಲೇ ಇರಬಹುದಾದ್ದರಿಂದ ಈ ಸಾಲು ಇದ್ದಂತೆಯೇ ಓಡುತ್ತದೆ:

`ಅಕ್ಷರ = "[ಕ-ಹೞ](?:್[ಕ-ಹೞ])*(?:್|[ಾ-ೌ])?[ಂಃ]?|[ಅ-ಔ][ಂಃ]?"`

ಒಂದು ವ್ಯಂಜನ, ಅದಕ್ಕೆ ಎಷ್ಟು ಬೇಕಾದರೂ ಒತ್ತುಗಳು, ಕೊನೆಗೆ ಸ್ವರಚಿಹ್ನೆ ಅಥವಾ ವಿರಾಮ, ಬೇಕಿದ್ದರೆ ಅನುಸ್ವಾರ ಅಥವಾ ವಿಸರ್ಗ. ಇಲ್ಲವೇ ಬರಿಯ ಸ್ವರ. ಎನ್‌ಎಫ್‌ಸಿ ಮಾಡಿದ ಪಠ್ಯಕ್ಕೆ ಇದನ್ನು ಫೈಂಡ್‌ಆಲ್‌ಗೆ ಕೊಟ್ಟರೆ ಅಕ್ಷರಗಳ ಪಟ್ಟಿ ಸಿಗುತ್ತದೆ. ಅದನ್ನು ತಿರುಗಿಸಿ ಜಾಯಿನ್ ಮಾಡಿದರೆ ‘ರುಸೂಮೈ’.

ೞ ಬೇರೆಯಾಗಿ ಸೇರಿಸಿದ್ದೇಕೆಂದರೆ ಅದರ ಸಂಖ್ಯೆ 3294, ಕ ಇಂದ ಹ ವರೆಗಿನ ಸಾಲಿನಲ್ಲಿ ಅದಿಲ್ಲ. ಱ ಆ ಸಾಲಿನೊಳಗೇ ಇದೆ. ಹಳಗನ್ನಡದ ಪಠ್ಯದೊಂದಿಗೆ ಕೆಲಸ ಮಾಡುವವರು ಇದನ್ನು ಮರೆಯಬಾರದು. ಯೂನಿಕೋಡ್‌ಡೇಟಾದಲ್ಲಿ ಈ ಅಕ್ಷರದ ಹೆಸರು ಕೇಳಿ ನೋಡಿ, ‘ಕನ್ನಡ ಲೆಟರ್ ಫಾ’ ಎಂದು ಬರುತ್ತದೆ. ಹೆಸರಿಡುವಾಗಲೇ ಆದ ತಪ್ಪು ಅದು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ನಿಯಮ ಇರುವುದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಿದ್ದಾರೆ.

ಕಂದದಲ್ಲಿ ಎರಡನೆಯ ಅಕ್ಷರದ ವ್ಯಂಜನ ನಾಲ್ಕೂ ಸಾಲುಗಳಲ್ಲಿ ಒಂದೇ ಇರಬೇಕು, ಆದಿಪ್ರಾಸ. ಸ್ಟ್ರಿಂಗ್‌ನ ಎರಡನೆಯ ಸ್ಥಾನವನ್ನು ನೇರವಾಗಿ ಕೇಳಿದರೆ ಬಹಳ ಸಲ ಮೊದಲ ಅಕ್ಷರದ ಸ್ವರಚಿಹ್ನೆ ಸಿಗುತ್ತದೆ. ಅಕ್ಷರಗಳ ಪಟ್ಟಿಯ ಎರಡನೆಯದನ್ನು ತೆಗೆದುಕೊಂಡು ಅದರಿಂದ ಸ್ವರಚಿಹ್ನೆಯನ್ನು ಕಳಚಿದರೆ ಪ್ರಾಸಾಕ್ಷರ ಕೈಗೆ ಬರುತ್ತದೆ. ಗುರು ಲಘು ಲೆಕ್ಕವೂ ಇದರ ಮೇಲೆಯೇ ನಿಲ್ಲುತ್ತದೆ: ದೀರ್ಘ ಸ್ವರ, ಅನುಸ್ವಾರ ಅಥವಾ ವಿಸರ್ಗ ಇದ್ದರೆ ಗುರು, ಮುಂದಿನದು ಒತ್ತಕ್ಷರವೋ ವಿರಾಮವಿರುವ ವ್ಯಂಜನವೋ ಆಗಿದ್ದರೆ ಹಿಂದಿನದು ಗುರು. ಒಂದನೆಯ ಮತ್ತು ಮೂರನೆಯ ಸಾಲಿಗೆ 12 ಮಾತ್ರೆ, ಎರಡನೆಯ ಮತ್ತು ನಾಲ್ಕನೆಯದಕ್ಕೆ 20. ಶಿಥಿಲದ್ವಿತ್ವದಂಥ (ಒತ್ತಕ್ಷರವನ್ನು ತೇಲಿಸಿ ಉಚ್ಚರಿಸುವುದರಿಂದ ಹಿಂದಿನದು ಲಘುವಾಗಿಯೇ ಉಳಿಯುವುದು) ವಿನಾಯಿತಿಗಳನ್ನು ಕಣ್ಣಿನಿಂದಲೇ ನೋಡಬೇಕು.

ಕಡಲತಡಿ:

ಇಷ್ಟೆಲ್ಲ ಬರೆಯುವ ಬದಲು ರೆಜೆಕ್ಸ್ ಪ್ಯಾಕೇಜ್‌ನ ಬ್ಯಾಕ್‌ಸ್ಲ್ಯಾಷ್ ಕ್ಯಾಪಿಟಲ್ ಎಕ್ಸ್ ಬಳಸಬಹುದಲ್ಲವೇ? ಅದು ಇರುವುದೇ ಬಳಕೆದಾರರು ಅಕ್ಷರವೆಂದು ಭಾವಿಸುವ ಗುಚ್ಛವನ್ನು ಬಿಡಿಸುವುದಕ್ಕೆ.

ಛಂದಸ್ಸು:

ಅದು ಸ್ವರಚಿಹ್ನೆಯನ್ನು ವ್ಯಂಜನದ ಜೊತೆ ಸರಿಯಾಗಿ ಇಡುತ್ತದೆ, ಒತ್ತಕ್ಷರದಲ್ಲಿ ಸೋಲುತ್ತದೆ. ‘ಶಾಸ್ತ್ರ’ ಕೊಟ್ಟರೆ ಶಾ, ಸ್, ತ್, ರ ಎಂದು ನಾಲ್ಕು ಮಾಡುತ್ತದೆ. ನಮಗೆ ಬೇಕಾದದ್ದು ಶಾ, ಸ್ತ್ರ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರಗಳನ್ನು ಒಡೆಯಬಾರದೆಂಬ ನಿಯಮ ಸೇರಿತು. ಆಗ ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ತೆಲುಗಿಗೆ ಸಿಕ್ಕಿದ್ದು ನಮಗೆ ಸಿಗದಿದ್ದಾಗ ನನಗೆ ನಿಜವಾಗಿಯೂ ಬೇಸರವಾಯಿತು. ಅದಕ್ಕೇ ನನ್ನ ವ್ಯಾಖ್ಯೆಯನ್ನು ಕೈಯಲ್ಲೇ ಬರೆದುಕೊಂಡೆ.

ಸಾಲುಮರ:

ಪುಸ್ತಕಪಟ್ಟಿ ಅವರ ಶೀರ್ಷಿಕೆಗಳಿಗೂ ಇದು ಉಪಯೋಗಕ್ಕೆ ಬರುತ್ತದೆ. ಉದ್ದನೆಯ ಶೀರ್ಷಿಕೆಯನ್ನು ಚೀಟಿಯಲ್ಲಿ ಹಿಡಿಸಲು ಮೊದಲ ಇಷ್ಟು ಸಂಕೇತ ಎಂದು ಕತ್ತರಿಸಿದರೆ ‘ವಿಶ್ವವಿದ್ಯಾಲಯ’ 9ಕ್ಕೆ ‘ವಿಶ್ವವಿದ್’ ಎಂದು ನಿಲ್ಲುತ್ತದೆ. ಅಕ್ಷರಗಳ ಪಟ್ಟಿಯನ್ನು ಕತ್ತರಿಸಿ ಜೋಡಿಸಿದರೆ ‘ವಿಶ್ವವಿದ್ಯಾ’ ಎಂದಾದರೂ ಮರ್ಯಾದೆಯಿಂದ ನಿಲ್ಲುತ್ತದೆ. ಆದರೆ ಶೀರ್ಷಿಕೆಯಲ್ಲಿ ಖಾಲಿ ಜಾಗ, ಅಂಕಿ, ಇಂಗ್ಲಿಷ್ ಅಕ್ಷರಗಳೂ ಇರುತ್ತವೆ, ಆ ವ್ಯಾಖ್ಯೆ ಅವನ್ನು ಬಿಟ್ಟುಬಿಡುತ್ತದೆ. ಈ ಕೆಲಸಕ್ಕೆ ಬಳಸುವಾಗ ಕೊನೆಗೆ `|.` ಸೇರಿಸಿ, ಉಳಿದ ಯಾವ ಸಂಕೇತವೂ ತಾನೇ ಒಂದು ತುಂಡಾಗಿ ಉಳಿಯುತ್ತದೆ.

ವಿಂಗಡಣೆಯ ಪ್ರಶ್ನೆ ಬಾಕಿ ಇದೆ. ಸಾರ್ಟೆಡ್ ಫಂಕ್ಷನ್ ಸಂಖ್ಯೆಗಳ ಪ್ರಕಾರ ಜೋಡಿಸುತ್ತದೆ. ಳ 3251, ಅಂದರೆ ಲ ಆದ ಕೂಡಲೇ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ. ಹ ಇರುವುದು 3257ರಲ್ಲಿ. 3258 ಮತ್ತು 3259 ಯಾವ ಅಕ್ಷರಕ್ಕೂ ಕೊಡದೆ ಖಾಲಿ ಬಿಟ್ಟ ಜಾಗಗಳು. ಹೋಲಿಕೆಗೆಂದು ಮಾತ್ರ ಳಕಾರವನ್ನು 3258ಕ್ಕೂ ೞಕಾರವನ್ನು 3259ಕ್ಕೂ ಟ್ರಾನ್ಸ್‌ಲೇಟ್ ಮಾಡಿ, ಅದನ್ನು ಸಾರ್ಟೆಡ್‌ನ ‘ಕೀ’ ಆಗಿ ಕೊಡಿ. ಮೂಲ ಪಠ್ಯ ಬದಲಾಗುವುದಿಲ್ಲ. ಹುಡುಕುವ ಕೀಲಿಯ ಮೇಲೆ ಇದನ್ನು ಮಾಡಿ, ಇಲ್ಲವಾದರೆ 8204 ಇರುವ ಪದಗಳು ಸಾಲಿನ ಕೊನೆಗೆ ಓಡುತ್ತವೆ.

ಪುಸ್ತಕಪಟ್ಟಿ:

‘ಬಸವ’ ಆದ ಮೇಲೆ ‘ಬಳೆ’ ಬಂತು. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಕೊನೆಯದೊಂದು ಉಳಿದಿದೆ. ಕೆಲವು ಹಳೆಯ ಕಡತಗಳು ಇನ್ನೂ ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿವೆ. ಅವನ್ನು ತೆರೆದರೆ ಬರಿಯ ಇಂಗ್ಲಿಷ್ ಅಕ್ಷರಗಳ ಗೋಜಲು. ಬದಲಿಸುವ ಕೋಷ್ಟಕ ಸಿಕ್ಕಿದೆ, ಆದರೆ ‘ಧರ್ಮ’ ಎಂಬಲ್ಲಿ ಅರ್ಕಾವತ್ತು ಮ ಆದ ಮೇಲೆ ಬಂದು ಕೂರುತ್ತಿದೆ.

ಅಕ್ಷರಶಃ:

ಆ ಕಡತಗಳಲ್ಲಿ ಇರುವುದು ಅಚ್ಚಿನ ಆಕಾರಗಳ ಕ್ರಮ, ಉಚ್ಚಾರಣೆಯ ಕ್ರಮವಲ್ಲ. ಅರ್ಕಾವತ್ತಿನ ಆಕಾರ ಮ ಆದ ಮೇಲೆ ಬರೆಯುವಂಥದ್ದು, ಹಾಗೆಯೇ ಉಳಿದಿದೆ. ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಹೀಗೆ ಮಾಡಿ: ಕೋಷ್ಟಕದ ನಮೂದುಗಳನ್ನು ಉದ್ದದ ಪ್ರಕಾರ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಉದ್ದವಾದ ಗುಂಪುಗಳು ಮೊದಲು ಬದಲಾಗಲಿ. ಅರ್ಕಾವತ್ತಿನ ಸಂಕೇತವನ್ನು ಸದ್ಯಕ್ಕೆ ಹಾಗೇ ಬಿಡಿ. ಉಳಿದದ್ದೆಲ್ಲ ಕನ್ನಡವಾದ ಮೇಲೆ, ಛಂದಸ್ಸು ಅವರು ಕೊಟ್ಟ ‘ಅಕ್ಷರ’ ವ್ಯಾಖ್ಯೆಯನ್ನು ಕಂಸದೊಳಗೆ ಹಾಕಿ, ಅದರ ಪಕ್ಕ ಅರ್ಕಾವತ್ತಿನ ಸಂಕೇತ ಇಟ್ಟು ಹುಡುಕಿ. ಸಿಕ್ಕ ಕಡೆ ‘ರ್’ ಮೊದಲು, ಆ ಅಕ್ಷರ ಆಮೇಲೆ. ‘ಸಾಮರ್ಥ್ಯ’ದಲ್ಲಿ ಥ್ಯ ಇಡಿಯಾಗಿ ಹಿಡಿಯಲ್ಪಡುವುದರಿಂದ ರ್ ಅದರ ನಡುವೆ ನುಸುಳುವುದಿಲ್ಲ.

ಕಡತ ತೆರೆಯುವಾಗ ಯುಟಿಎಫ್-8 ಎಂದು ಕೊಡಬೇಡಿ, ವಿಂಡೋಸ್ 1252 ಎಂದು ಕೊಡಿ. ಮೂಲ ಕಡತಗಳ ಒಂದು ಪ್ರತಿಯನ್ನು ಎಂದಿಗೂ ಅಳಿಸಬೇಡಿ.

ಛಂದಸ್ಸು:

ಅದನ್ನು ಬಳಸುವಾಗ ಒಂದು ತಿದ್ದುಪಡಿ ಮಾಡಿಕೊಳ್ಳಿ. ನಾನು ಕೊಟ್ಟ ವ್ಯಾಖ್ಯೆ ‘ರ‍್ಯಾಂಕ್’ ಪದವನ್ನು ರ, ಯಾಂ, ಕ್ ಎಂದು ಒಡೆದು ನಡುವಿನ ವಿರಾಮವನ್ನು ಕಳೆದುಬಿಡುತ್ತದೆ, ಏಕೆಂದರೆ ಅಲ್ಲಿ ರ ಮತ್ತು ‘್’ ನಡುವೆ 8205 ಇದೆ. ಛಂದಸ್ಸಿನ ಪಠ್ಯಗಳಲ್ಲಿ ಅದು ಬರುವುದಿಲ್ಲವಾದ್ದರಿಂದ ಸೇರಿಸಿರಲಿಲ್ಲ. ಪುಸ್ತಕಗಳ ಪಟ್ಟಿಗೆ ಅದು ಬೇಕು. ಒಳಗಿನ ಗುಂಪಿನಲ್ಲಿ ‘್’ ಸಂಕೇತಕ್ಕೆ ಮೊದಲು 8205ನ್ನು ಹಾಕಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇಡಿ, ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದಾಗುತ್ತದೆ. 8204ನ್ನು ಅಲ್ಲಿ ಸೇರಿಸಬೇಡಿ. ಅದು ಇರುವುದೇ ಅಕ್ಷರಗಳನ್ನು ಬೇರ್ಪಡಿಸಲು, ‘ಸಾಫ್ಟ್‌ವೇರ್’ ಈಗಿರುವ ವ್ಯಾಖ್ಯೆಯಲ್ಲೇ ಸಾ, ಫ್ಟ್, ವೇ, ರ್ ಎಂದು ಸರಿಯಾಗಿ ಬಿಡಿಸಿಕೊಳ್ಳುತ್ತದೆ.